ಮೂವತ್ತಾರು ಗುಣ, ಮೂರು ಶೈಲಿ

ಕಲಬುರಗಿಯ ವಧು-ವರ ಸಮಾವೇಶಗಳ ಅರ್ಜಿ ನಮೂನೆಯಲ್ಲಿ ಇದುವರೆಗೆ ಹೆಸರು, ಒಳಪಂಗಡ, ಎತ್ತರ, ಬಣ್ಣ, ಹೊಲ ಎಷ್ಟು ಎಕರೆ, ಅದರಲ್ಲಿ ನೀರಾವರಿ ಎಷ್ಟು, ಈ ಭಾಗದವರಿಗೆ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರ ಉಂಟೋ ಇಲ್ಲವೋ ಎಂಬಂಥ ಪ್ರಶ್ನೆಗಳಷ್ಟೇ ಇರುತ್ತಿದ್ದವು. ಈಚೆಗೆ ನನ್ನ ಕೈಗೆ ಬಂದ ನಮೂನೆಯೊಂದರಲ್ಲಿ ರಾಶಿ-ನಕ್ಷತ್ರದ ಕೆಳಗೆ ‘ಅಟ್ಯಾಚ್‌ಮೆಂಟ್ ಸ್ಟೈಲ್’, ಅಂದರೆ ಆಪ್ತರನ್ನು ಹಚ್ಚಿಕೊಳ್ಳುವ ಶೈಲಿ, ಎಂಬ ಹೊಸ ಕಲಂ ಕುಳಿತಿದೆ. ಸೆಕ್ಯೂರ್ (ನೆಮ್ಮದಿಯಿಂದ ನಂಬುವವರು), ಆಂಕ್ಷಿಯಸ್ (ಕಳವಳಪಡುವವರು), ಅವಾಯ್ಡೆಂಟ್ (ದೂರ ಸರಿಯುವವರು) ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ರೀಲ್ಸ್ ನೋಡಿಯೇ ಮನಶ್ಶಾಸ್ತ್ರದಲ್ಲಿ ಪಾರಂಗತರಾದ ಸಂಘಟಕರೊಬ್ಬರು ಸಮಾಜಕ್ಕೆ ಸಲ್ಲಿಸಿದ ಸೇವೆ ಇದು.

ಗುರುತು ಹಾಕುವ ಹೊಣೆಯನ್ನು ಸಹಜವಾಗಿಯೇ ತಂದೆಯರು ವಹಿಸಿಕೊಂಡಿದ್ದರು. ಮಗಳ ಕಡೆ ಪೆನ್ನು ಚಾಚಿದ ಸ್ವಯಂಸೇವಕನಿಗೆ ಒಬ್ಬರು, “ನಮ್ ಹುಡುಗಿ ಮನಸ್ಸು ನನಗ ಗೊತ್ತದ, ಆಕಿಗಿ ಏನ್ ಕೇಳ್ತೀರಿ?” ಎಂದು ಪೆನ್ನು ಕಸಿದುಕೊಂಡು, ಮೊದಲ ಚೌಕದಲ್ಲಿ ಹಾಳೆ ಹರಿಯುವಷ್ಟು ಒತ್ತಿ ಗುರುತು ಹಾಕಿದರು. ಅಲ್ಲಿಗೆ ಮಂಟಪದಲ್ಲಿದ್ದ ಸಕಲ ವಧು-ವರರೂ ಸೆಕ್ಯೂರ್ ಆದರು. ಪಾಪ, ಅಮೆರಿಕದವರಿಗೆ ಇಷ್ಟು ಭಾಗ್ಯವಿರಲಿಲ್ಲ. ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬ ಸಂಶೋಧಕರು ಡೆನ್ವರ್ ನಗರದ ಪತ್ರಿಕೆಯೊಂದರಲ್ಲಿ ಪ್ರೇಮದ ಪ್ರಶ್ನಾವಳಿ ಅಚ್ಚು ಹಾಕಿಸಿ, ಬಂದ ಉತ್ತರಗಳನ್ನು 1987ರಲ್ಲಿ ಪ್ರಕಟಿಸಿದಾಗ, ಸುಮಾರು ಶೇ 56ರಷ್ಟು ಓದುಗರು ಮಾತ್ರ ತಾವು ನೆಮ್ಮದಿಯಿಂದ ಇನ್ನೊಬ್ಬರನ್ನು ನಂಬಬಲ್ಲವರೆಂದು ಹೇಳಿಕೊಂಡಿದ್ದರು. ಶೇ 25ರಷ್ಟು ಜನ ಹತ್ತಿರ ಬಂದವರಿಂದ ದೂರ ಸರಿಯುವವರು, ಉಳಿದವರು ಎಲ್ಲಿ ಕೈಬಿಟ್ಟು ಹೋಗುತ್ತಾರೋ ಎಂದು ಕಳವಳಪಡುವವರು. ತಮ್ಮ ಉತ್ತರವನ್ನು ತಾವೇ ಬರೆಯುವ ದುರಭ್ಯಾಸವಿದ್ದರೆ ಫಲಿತಾಂಶ ಹೀಗೇ ಇರುತ್ತದೆ.

ಆ ಸಂಶೋಧನೆಯ ಬೇರು ಇನ್ನೂ ಹಿಂದಕ್ಕಿದೆ. ತಾಯಿ-ಕೂಸಿನ ನಂಟಿನ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ ಕಟ್ಟಿದ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಪರೀಕ್ಷೆಗೆ ಒಡ್ಡಿದರು. ಆಟಿಕೆಗಳಿರುವ ಹೊಸ ಕೋಣೆಗೆ ವರ್ಷದ ಕೂಸನ್ನು ಕರೆತಂದು, ಅಪರಿಚಿತರೊಬ್ಬರನ್ನು ಒಳಗೆ ಬಿಟ್ಟು, ತಾಯಿಯನ್ನು ಮೂರು ನಿಮಿಷ ಹೊರಗೆ ಕಳಿಸಿ, ಆಕೆ ಮರಳಿದಾಗ ಕೂಸು ಏನು ಮಾಡುತ್ತದೆಂದು ನೋಡುವುದು ಆ ಪ್ರಯೋಗ. ನಮ್ಮಲ್ಲಿ ಇದೇ ಪ್ರಯೋಗವನ್ನು ಕನ್ಯಾ ನೋಡುವ ಕಾರ್ಯಕ್ರಮವೆನ್ನುತ್ತೇವೆ. ವ್ಯತ್ಯಾಸವೆಂದರೆ ಕೂಸಿನ ಜಾಗದಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿ ಇರುತ್ತಾಳೆ, ಆಟಿಕೆಯ ಜಾಗದಲ್ಲಿ ಚಹಾ ಮತ್ತು ಚೂಡಾದ ತಟ್ಟೆ ಇರುತ್ತದೆ, ಅಪರಿಚಿತರು ಒಂದು ಕ್ರೂಸರ್ ತುಂಬ ಬಂದಿರುತ್ತಾರೆ. ಹುಡುಗನ ಅತ್ತೆ, ನೀರಡಿಕೆಯೇನೂ ಇಲ್ಲದಿದ್ದರೂ, ಹುಡುಗಿಯ ನಡಿಗೆ ನೋಡಲೆಂದೇ ನೀರು ಕೇಳುತ್ತಾಳೆ. ಆಮೇಲೆ ಹಿರಿಯರು ಉದಾರವಾಗಿ, “ಇಬ್ರೂ ಮಾಳಿಗಿ ಮ್ಯಾಲ ಹೋಗಿ ಮಾತಾಡ್ಕೊಂಡ್ ಬರ್ರಿ” ಎನ್ನುತ್ತಾರೆ. ಮೇ ತಿಂಗಳು, 42 ಡಿಗ್ರಿ ಬಿಸಿಲು, ಒಣಹಾಕಿದ ಮೆಣಸಿನಕಾಯಿಯನ್ನು ತಿರುವಿ ಹಾಕುವ ನೆಪದಲ್ಲಿ ಹಿಂದೆಯೇ ಬಂದ ತಮ್ಮ. ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯ ಮೇಲೆ ಭಯದಿಂದ ಬಡಿದುಕೊಳ್ಳುವ ಎದೆಯನ್ನು ಗಂಡಸರು ಆಕರ್ಷಣೆಯೆಂದು ತಪ್ಪು ತಿಳಿಯುತ್ತಾರೆಂದು ಮನಶ್ಶಾಸ್ತ್ರಜ್ಞರಾದ ಡಟನ್ ಮತ್ತು ಆರನ್ 1974ರಲ್ಲೇ ವಾದಿಸಿದ್ದರು. ನಮ್ಮ ಮಾಳಿಗೆಯ ಬೆವರನ್ನು ಅವರು ನೋಡಿಲ್ಲ. ಹತ್ತು ನಿಮಿಷಕ್ಕೆ ಕೆಳಗಿಳಿದ ಹುಡುಗಿ ತಲೆ ತಗ್ಗಿಸಿದ್ದರೆ ಆಂಕ್ಷಿಯಸ್, ತಲೆಯೆತ್ತಿದ್ದರೆ ಅವಾಯ್ಡೆಂಟ್. ಹುಡುಗನಿಗೆ ಯಾವ ಲಕ್ಷಣವೂ ಇರುವುದಿಲ್ಲ. ಅವನಿಗೆ ನೌಕರಿ ಇರುತ್ತದೆ.

ಮನುಷ್ಯರನ್ನು ಮೂರು ಡಬ್ಬಿಗಳಲ್ಲಿ ತುಂಬುವುದನ್ನು ಸಂಶೋಧಕರು ಬಹುಮಟ್ಟಿಗೆ ಬಿಟ್ಟು ದಶಕಗಳೇ ಆದವು. ಕಳವಳ ಎಷ್ಟು, ದೂರ ಸರಿಯುವಿಕೆ ಎಷ್ಟು ಎಂದು ಎರಡು ಅಳತೆಗಳಲ್ಲಿ ನೋಡುವುದು ಈಗಿನ ಪದ್ಧತಿ, ಮತ್ತು ಒಳ್ಳೆಯ ಸಂಗಾತಿ ಸಿಕ್ಕರೆ ಆ ಅಳತೆಗಳೂ ಬದಲಾಗಬಹುದು. ಆದರೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಮ್ಮೆ ಝೆರಾಕ್ಸ್ ಆದ ಬಯೋಡಾಟಾ ಬದಲಾಗುವುದುಂಟೇ? ಆಂಕ್ಷಿಯಸ್ ಹುಡುಗಿಗೂ ಅವಾಯ್ಡೆಂಟ್ ಹುಡುಗನಿಗೂ ಷಷ್ಠಾಷ್ಟಕ ದೋಷ ಬರುತ್ತದೆಂದೂ, ಒಂದು ಶಾಂತಿ ಮಾಡಿಸಿದರೆ ಸರಿಹೋದೀತೆಂದೂ ಹೇಳುವ ಪುರೋಹಿತರು ಆಗಲೇ ತಯಾರಾಗಿದ್ದಾರೆ. ಇತ್ತ ಕಾಲೇಜು ಹುಡುಗರೇನೂ ಹಿಂದೆ ಬಿದ್ದಿಲ್ಲ. ಬಾಕಿ ಇಟ್ಟ ಕ್ಷಮಾಪಣೆಯನ್ನು ಕೇಳುವ ಬದಲು “ನಾನು ಅವಾಯ್ಡೆಂಟ್ ಅದೀನಿ” ಎಂದು ಸ್ಟೇಟಸ್ ಹಾಕಿದರೆ ತಪ್ಪು ರೋಗವಾಗುತ್ತದೆ, ಮುನಿಸಿಕೊಂಡವಳೇ ಆರೈಕೆ ಮಾಡಬೇಕಾಗುತ್ತದೆ.

ಜಾತಕ ಕೂಡಿಸಲು 36 ಗುಣಗಳಿವೆ. ಅಪರಿಚಿತರಿಬ್ಬರು ಮುಕ್ಕಾಲು ಗಂಟೆಯಲ್ಲಿ ಆತ್ಮೀಯರಾಗಲಿ ಎಂದು, ಮೇಲೆ ಹೇಳಿದ ಅದೇ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಶ್ನೆಗಳೂ 36. ಸಂಖ್ಯೆ ಒಂದೇ ಆದರೂ ಎರಡನೆಯದಕ್ಕೆ ನಮ್ಮಲ್ಲಿ ಗಿರಾಕಿಗಳಿಲ್ಲ, ಏಕೆಂದರೆ ಅಲ್ಲಿ ಹುಡುಗ ಹುಡುಗಿ ಇಬ್ಬರೂ ಬಾಯಿ ಬಿಡಬೇಕಾಗುತ್ತದೆ. ಪಂಚಾಂಗಕ್ಕೆ ಅವರು ಮನೆಯಲ್ಲಿ ಇರುವ ಅಗತ್ಯವೂ ಇಲ್ಲ.

ಹಾಗೆಂದು ನಮ್ಮವರು ಹೃದಯವಿಲ್ಲದವರಲ್ಲ. ರಾಶಿಕೂಟದ ಗೊಡವೆ ಬೇಡವೆಂದ ಬಸವಣ್ಣನವರ ಭಾವಚಿತ್ರಕ್ಕೆ ಹಾರ ಹಾಕಿಯೇ ಸಮಾವೇಶ ಆರಂಭವಾಯಿತು. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯನ್ನು, ಅದಕ್ಕಾಗಿ ಆ ತಂದೆಯರಿಬ್ಬರೂ ತೆತ್ತ ಪ್ರಾಣವನ್ನು ಮುಖ್ಯ ಅತಿಥಿಗಳು ಕಂಠ ಬಿಗಿದು ಸ್ಮರಿಸಿದರು, ಚಪ್ಪಾಳೆಯೂ ಬಿತ್ತು. ಆಮೇಲೆ ಒಳಪಂಗಡಕ್ಕೊಂದರಂತೆ ಬೇರೆ ಬೇರೆ ಕೌಂಟರ್ ತೆರೆಯಲಾಯಿತು.

ನಾನು ಸಂಘಟಕರನ್ನು ಬದಿಗೆ ಕರೆದು, ಇಬ್ಬರಿಗೂ ಪರಸ್ಪರ ಇಷ್ಟವಾಯಿತೇ ಎಂಬ ಒಂದು ಕಲಂ ಸೇರಿಸಬಹುದಲ್ಲವೇ ಎಂದು ಕೇಳಿದೆ. ಹಾಳೆಯಲ್ಲಿ ಜಾಗವಿಲ್ಲವೆಂದರು. ಹಿಂಬದಿ ಪೂರ್ತಿ ಖಾಲಿ ಇದೆಯಲ್ಲ ಎಂದೆ.

“ಅಲ್ಲಿ ದಾನಿಗಳ ಫೋಟೊ ಬರ್ತಾವ್ರಿ ಸರ” ಎಂದರು.