ಮೂಸೆಗೆ ಬೀಳುವ ಬೆಳ್ಳಿಯ ಮೇಲೆ ಯಾರ ಹಕ್ಕು?

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ, ಗೋಕರ್ಣದಲ್ಲಿ ಅಂಗಡಿಯಿಟ್ಟಿರುವ ಪರಿಚಯದವರೊಬ್ಬರು ಕಪ್ಪಾಗದ ಬೆಳ್ಳಿಯಲ್ಲಿ ಐವತ್ತು ಜೊತೆ ಕಾಲುಂಗುರ ಮಾಡಿಕೊಡಿ ಎಂದು ಕೇಳಿದರು. ಕಾರವಾರದಲ್ಲಿ ಬೆಳ್ಳಿ ಕೆಲಸ ಮಾಡಿಕೊಂಡಿರುವ ನನಗೆ ಆ ಬೇಡಿಕೆ ಅರ್ಥವಾಗದ್ದೇನಲ್ಲ. ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ, ಗಾಳಿಯಲ್ಲಿರುವ ಗಂಧಕದ ಅಂಶ ತೇವದ ಜೊತೆ ಸೇರಿ ಬೆಳ್ಳಿಯನ್ನು ಬೇಗ ಹಿಡಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೆಜ್ಜೆ ಕೂಡ ಚೌತಿಯ ಹೊತ್ತಿಗೆ ಮಂಕಾಗಿರುತ್ತದೆ.

ಹೀಗಾಗಿ ಹೊರಊರಿನ ವ್ಯಾಪಾರಿಯೊಬ್ಬರಿಂದ, ಬೆಳ್ಳಿ ಬೇಗ ಕಪ್ಪಾಗದಂತೆ ತಡೆಯುವ ಜರ್ಮೇನಿಯಂ ಎಂಬ ಧಾತು ಬೆರೆಸಿದ ಬೆಳ್ಳಿಯ ಕಾಳು ತರಿಸಿದೆ. ಯಾವ ಲೋಹ ಎಷ್ಟಿದೆ, ಹೇಗೆ ಕಾಯಿಸಬೇಕು ಎಂದು ಕೇಳಿದರೆ, "ಅದು ಪೇಟೆಂಟ್ ಇರುವ ಮಾಲು, ಹೇಳುವಂತಿಲ್ಲ" ಎಂಬ ಉತ್ತರ ಬಂತು. ನಾನು ಅದನ್ನೇ ನಂಬಿದೆ. ಮೊದಲ ಉಂಗುರಕ್ಕೆ ಬಿಳಿಗಾರ ಹಚ್ಚಿ ಬೆಸುಗೆ ಹಾಕಿ, ಕೆಂಪಗಿರುವಾಗಲೇ ಇಕ್ಕುಳದಲ್ಲಿ ಎತ್ತಿ ನೀರಿಗೆ ಅದ್ದಿದೆ. ತಂದೆಯವರಿಂದ ಕಲಿತ ಕ್ರಮವೇ ಅದು. ಸಣ್ಣದೊಂದು ಸದ್ದಾಯಿತು. ಹೊರತೆಗೆದು ನೋಡಿದರೆ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಅದೇ ರೀತಿ ಏಳು ಉಂಗುರ ಕೆಟ್ಟ ಮೇಲೆ ತಿಳಿದದ್ದು, ಈ ಜಾತಿಯ ಬೆಳ್ಳಿ ಕೆಂಪಗಿರುವಾಗ ಬಲು ಪೆಡಸು, ಕೆಂಪು ಆರುವವರೆಗೆ ಅದನ್ನು ಅಲುಗಾಡಿಸಬಾರದು ಎಂಬುದು.

ನನಗೆ ಹೆಚ್ಚು ನೋವಾದದ್ದು ಉಂಗುರ ಕೆಟ್ಟದ್ದಕ್ಕಲ್ಲ. ಪೇಟೆಂಟ್ ಎಂದರೆ ಗುಟ್ಟು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನನ್ನ ಜೊತೆಯ ಕೆಲಸಗಾರರು ಈಗಲೂ ಹಾಗೆಯೇ ತಿಳಿದಿದ್ದಾರೆ. ಆದರೆ ಕಾನೂನು ಹೇಳುವುದು ಇದಕ್ಕೆ ನೇರ ವಿರುದ್ಧವಾದದ್ದು. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ, ಸಂಶೋಧಕನು ತನ್ನ ವಸ್ತುವನ್ನು ಹೇಗೆ ತಯಾರಿಸಬೇಕು, ಹೇಗೆ ಬಳಸಬೇಕು ಎಂಬುದನ್ನು ಅರ್ಜಿಯಲ್ಲಿ ಪೂರ್ತಿಯಾಗಿ ಬರೆದು ಲೋಕದ ಮುಂದಿಡಬೇಕು. ಅದಕ್ಕೆ ಪ್ರತಿಯಾಗಿ ಅರ್ಜಿಯ ದಿನದಿಂದ 20 ವರ್ಷ ಅದನ್ನು ತಯಾರಿಸುವ, ಬಳಸುವ, ಮಾರುವ, ಆಮದು ಮಾಡುವ ಹಕ್ಕು ಅವನದ್ದೊಬ್ಬನದ್ದೇ ಆಗಿರುತ್ತದೆ. ಇದೊಂದು ಕೊಡುಕೊಳ್ಳುವ ಒಪ್ಪಂದ. ಅದರಲ್ಲಿ ನಮ್ಮನ್ನು ಕಟ್ಟಿಹಾಕುವ ಭಾಗ ಕಾರವಾರದ ಗಲ್ಲಿಯವರೆಗೂ ಬಂದು ಮುಟ್ಟುತ್ತದೆ, ನಮಗೆ ತಿಳಿಸಬೇಕಾದ ಭಾಗ ಮಾತ್ರ ಬರುವುದಿಲ್ಲ. ಅರ್ಜಿಗಳು ಇರುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಅದೂ ವಕೀಲರಿಗಷ್ಟೇ ಅರ್ಥವಾಗುವ ಮಾತಿನಲ್ಲಿ.

ಮಿಶ್ರಲೋಹದ ವಿಷಯದಲ್ಲಿ ಈ ಅಜ್ಞಾನ ಇನ್ನೂ ಅಪಾಯಕಾರಿ. ಅಂಥ ಪೇಟೆಂಟ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಮಾಣವನ್ನು ಬರೆದಿರುವುದಿಲ್ಲ, ಈ ಲೋಹ ಶೇಕಡಾ ಇಷ್ಟರಿಂದ ಇಷ್ಟರವರೆಗೆ ಎಂದು ಬೇಲಿ ಹಾಕಿರುತ್ತಾರೆ. 92.5 ಪಾಲು ಬೆಳ್ಳಿ, 7.5 ಪಾಲು ತಾಮ್ರ ಎಂಬ ಹಳೆಯ ಲೆಕ್ಕ ಯಾರ ಸ್ವತ್ತೂ ಅಲ್ಲ. ಆದರೆ ಅದಕ್ಕೆ ಹೊಸದೊಂದು ಲೋಹವನ್ನು ಸ್ವಂತ ಬುದ್ಧಿಯಿಂದಲೇ ಚಿಟಿಕೆಯಷ್ಟು ಸೇರಿಸಿದರೂ ಬೇಲಿಯ ಒಳಗೆ ಕಾಲಿಟ್ಟಿರಬಹುದು. ನಾನೇ ಕಂಡುಕೊಂಡೆ ಎಂಬ ಮಾತು ರಕ್ಷಣೆಗೆ ಬರುವುದಿಲ್ಲ. ಪೇಟೆಂಟ್ ಇರುವುದು ತನಗೆ ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ ಎಂದು ಸಾಬೀತುಪಡಿಸಿದವನಿಗೆ 111ನೇ ಕಲಂ ನಷ್ಟಪರಿಹಾರದಿಂದ ವಿನಾಯಿತಿ ಕೊಡುತ್ತದೆ ನಿಜ. ಆದರೆ ಕೆಲಸ ನಿಲ್ಲಿಸು ಎಂಬ ಆದೇಶವನ್ನು ಅದು ತಡೆಯುವುದಿಲ್ಲ.

ಶ್ರಮಪಟ್ಟವನಿಗೆ ಫಲ ಸಿಗಬಾರದು ಎಂದು ನಾನು ಹೇಳುತ್ತಿಲ್ಲ. 1990ರ ದಶಕದಲ್ಲಿ ಬ್ರಿಟನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಜಾನ್ಸ್ ಅವರು ಬೆಳ್ಳಿಗೆ ಜರ್ಮೇನಿಯಂ ಸೇರಿಸಿ ರೂಪಿಸಿದ, ಮುಂದೆ ಅರ್ಜೆಂಟಿಯಂ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಲೋಹ ದೊಡ್ಡ ಸಾಧನೆಯೇ. ಕಾಯಿಸಿದಾಗ ಬೆಳ್ಳಿಯ ಮೈಯೊಳಗೆ ಇಳಿಯುವ ತಾಮ್ರದ ಕಲೆಯನ್ನು ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡವರಿಗೆ ಅದರ ಬೆಲೆ ಗೊತ್ತು. ನಾನು ಕೇಳುವುದು ಇಷ್ಟೇ: ಯಾವ ಪೇಟೆಂಟ್ ಯಾವ ದೇಶದಲ್ಲಿ ಜೀವಂತವಾಗಿದೆ, ಯಾವುದರ ಅವಧಿ ಮುಗಿದಿದೆ ಎಂಬುದು ಕೈಕೆಲಸದವನಿಗೂ ತಿಳಿಯಬೇಕು. ಬೇರೆ ದೇಶದ ಪೇಟೆಂಟ್ ನಮ್ಮ ನೆಲದಲ್ಲಿ ನಡೆಯುವುದಿಲ್ಲ, ಆದರೆ ಅದೇ ಕಾಲುಂಗುರವನ್ನು ಗೋಕರ್ಣಕ್ಕೆ ಬಂದ ಪ್ರವಾಸಿಯೊಬ್ಬ ಸಗಟಾಗಿ ಕೊಂಡು ತನ್ನ ದೇಶದಲ್ಲಿ ಮಾರಲು ಹೊರಟರೆ ಅಲ್ಲಿನ ಪೇಟೆಂಟ್ ಅಡ್ಡ ಬರಬಹುದು. ಪೇಟೆಂಟ್ ಮುಗಿದ ಮೇಲೂ ಟ್ರೇಡ್‌ಮಾರ್ಕ್, ಅಂದರೆ ನೋಂದಾಯಿಸಿದ ವ್ಯಾಪಾರದ ಹೆಸರು, ಹತ್ತು ಹತ್ತು ವರ್ಷಕ್ಕೆ ನವೀಕರಣಗೊಳ್ಳುತ್ತಾ ಉಳಿಯುತ್ತದೆ. ಬೆರಕೆ ಮಾಡಬಹುದು, ಆ ಹೆಸರಿಟ್ಟು ಮಾರುವಂತಿಲ್ಲ. ಈ ವ್ಯತ್ಯಾಸವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿನ್ನಬೆಳ್ಳಿಯ ಮಿಶ್ರಲೋಹಗಳಿಗೆ ಸಂಬಂಧಿಸಿದ ಪೇಟೆಂಟ್‌ಗಳ ಸಾರಾಂಶವನ್ನು ಕನ್ನಡದಲ್ಲಿ ಬರೆಸಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದಲು ಸಿಗುವಂತೆ ಮಾಡುವುದು ಸರ್ಕಾರಕ್ಕೆ ದೊಡ್ಡ ಕೆಲಸವಲ್ಲ. ನಮ್ಮ ಕಡೆಯಿಂದಲೂ ಆಗಬೇಕಾದದ್ದಿದೆ. ಭಾರತದಲ್ಲಿ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿದ್ದ ವಸ್ತು ಎಂಬ ಕಾರಣಕ್ಕೆ ಪೇಟೆಂಟ್ ಅರ್ಜಿಯನ್ನು ಯಾರು ಬೇಕಾದರೂ ವಿರೋಧಿಸಬಹುದು. ಆದರೆ ಪುರಾವೆ ಎಲ್ಲಿದೆ? ಬೆಸುಗೆಯ ಬೆರಕೆಯನ್ನು ತಂದೆಯವರು ಗುಲಗಂಜಿಯ ಲೆಕ್ಕದಲ್ಲಿ ನನ್ನ ಕಿವಿಗೆ ಹೇಳಿದ್ದರೇ ಹೊರತು ಒಂದು ಚೀಟಿಯಲ್ಲೂ ಬರೆದಿಟ್ಟಿರಲಿಲ್ಲ.

ಈಗ ಮೂಸೆಯ ಪಕ್ಕದಲ್ಲೊಂದು ದಪ್ಪ ಪುಸ್ತಕ ಇಟ್ಟುಕೊಂಡಿದ್ದೇನೆ. ಪ್ರತಿ ಬೆರಕೆಯ ದಿನಾಂಕ, ತೂಕ, ಮಾರಿದ ಬಿಲ್ಲಿನ ಸಂಖ್ಯೆ ಅದರಲ್ಲಿ ಏರುತ್ತಿದೆ. ಶಿರಸಿ, ಕುಮಟಾ, ಹೊನ್ನಾವರದ ಹಿರಿಯ ಕೆಲಸಗಾರರು ತಮ್ಮ ಬೆಸುಗೆಯ ಲೆಕ್ಕವನ್ನು ಹೇಳಲು ಒಪ್ಪಿದರೆ, ನಾನೇ ಬಂದು ಕೂತು ಬರೆದುಕೊಳ್ಳುತ್ತೇನೆ.