‘ಬಹುಪಾಲು’ ಅನ್ನೋ ಒಂದು ಪದ

ಹೋದ ವಾರ ಯಾರೋ ನನ್ನ ಬರಹವೊಂದನ್ನು ಹೊಗಳಿದರು. ‘ಅಯ್ಯೋ, ಅಂಥದ್ದೇನಿಲ್ಲ ಬಿಡಿ’ ಅಂತ ಉತ್ತರ ಹಾಕಿದೆ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ತೆಗೆದು, ‘ಇಲ್ಲ, ನಿಜವಾಗ್ಲೂ ಚೆನ್ನಾಗಿದೆ’ ಅಂತ ಅವರು ಮತ್ತೆ ಬರೆದರಾ ಅಂತ ನೋಡುತ್ತಾ ಕೂತೆ. ಹೊಗಳಿಕೆ ಬೇಡ ಅನ್ನೋದು ಎರಡು ಸಲ ಹೊಗಳಿಸಿಕೊಳ್ಳುವ ಆಸೆ ಅಂತ ಒಬ್ಬ ಫ್ರೆಂಚ್ ಡ್ಯೂಕ್ ಯಾವತ್ತೋ ಬರೆದಿಟ್ಟಿದ್ದಾನೆ. ಸಿಕ್ಕಿಬಿದ್ದ ಕಳ್ಳನ ಹಾಗಾಯ್ತು ನನಗೆ.

ಆತ ಫ್ರಾಂಸ್ವಾ ದ ಲಾ ರೋಶ್‌ಫುಕೋ. 1613ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ದೊಡ್ಡ ಮನೆತನದವನು. ಮಂತ್ರಿ ರಿಶಲ್ಯೂ ವಿರುದ್ಧದ ಪಿತೂರಿಗೆ ಕೈಹಾಕಿ 1637ರಲ್ಲಿ ಒಂದು ವಾರ ಬಾಸ್ಟಿಲ್ ಸೆರೆಮನೆ ಕಂಡುಬಂದ. ಆಮೇಲೆ ಫ್ರೋಂಡ್ ದಂಗೆ. ಹುಡುಗನಾಗಿದ್ದ ರಾಜ 14ನೇ ಲೂಯಿಯ ಆಡಳಿತದ ವಿರುದ್ಧ ಶ್ರೀಮಂತರು ಎದ್ದರಲ್ಲ, ಅದು. ಒಬ್ಬರಿಗೆ ಪದವಿ ಬೇಕಿತ್ತು, ಇನ್ನೊಬ್ಬರಿಗೆ ಸೇಡು, ಈತನಿಗೆ ಡಚೆಸ್ ದ ಲೋಂಗ್‌ವಿಲ್ ಮೇಲೆ ಪ್ರೀತಿ. ಸಿಕ್ಕಿದ್ದೇನು? ವೆರ್ತೆಯ್‌ನಲ್ಲಿದ್ದ ಮನೆತನದ ಕೋಟೆಯನ್ನು ರಾಜನ ಕಡೆಯವರು ಕೆಡವಿದರು. 1652ರಲ್ಲಿ ಪ್ಯಾರಿಸ್‌ನ ಕಾಳಗದಲ್ಲಿ ಮುಖಕ್ಕೆ ಗುಂಡು ಬಿದ್ದು ಕಣ್ಣೇ ಹೋಗುವುದರಲ್ಲಿತ್ತು.

ಎಲ್ಲ ಮುಗಿದ ಮೇಲೆ ಮದಾಂ ದ ಸಾಬ್ಲೆ ಅವರ ಮನೆಯ ಬೈಠಕ್ಕು. ಅಲ್ಲಿ ಚಿಕ್ಕ ಚಿಕ್ಕ ಸೂಕ್ತಿಗಳ ಒಂದೊಂದು ಸಾಲನ್ನು ಗೆಳೆಯರೆಲ್ಲ ಸೇರಿ ತಿದ್ದಿ ತೀಡುವುದೇ ಆಟ. ಸಾಬ್ಲೆ ಕೈಯಡುಗೆಗೂ ಹೆಸರಾದವರು. ಒಮ್ಮೆ ಸೂಕ್ತಿಗಳನ್ನು ಕಳಿಸಿ ಈತ ಬರೆಯುತ್ತಾನೆ: ಪುಕ್ಕಟೆಯಾಗಿ ಯಾರೂ ಏನೂ ಮಾಡಲ್ಲ, ಹಾಗಾಗಿ ನನಗೊಂದು ಕ್ಯಾರೆಟ್ ಸೂಪು, ಕುರಿಮಾಂಸದ ಸಾರು ಬೇಕು. ಮನುಷ್ಯ ಮಾಡೋದೆಲ್ಲ ಸ್ವಾರ್ಥಕ್ಕೆ ಅಂದವನು ಲೆಕ್ಕ ಸರಿಯಾಗೇ ಇಟ್ಟಿದ್ದ, ಅಲ್ವಾ?

ಈಗ ನನ್ನ ತಕರಾರಿಗೆ ಬರುತ್ತೇನೆ. ‘ನಮ್ಮ ಸದ್ಗುಣಗಳೆಲ್ಲ ವೇಷ ಹಾಕಿದ ದುರ್ಗುಣಗಳು’ ಅಂತ ಇವನ ಹೆಸರಲ್ಲಿ ಸ್ಟೇಟಸ್ ಹಾಕಿ ಜನ ಸಿನಿಕತನ ಮೆರೆಯುತ್ತಾರೆ. ಅವನು ಬರೆದದ್ದು ‘ಬಹುಪಾಲು’ ಅಂತ. ಆ ಪದವನ್ನೇ ಹಾರಿಸಿಬಿಟ್ಟರೆ ಹೇಗೆ? 1665ರಿಂದ 1678ರ ತನಕ ಈ ಸೂಕ್ತಿಗಳ ಪುಸ್ತಕ ‘ಮ್ಯಾಕ್ಸಿಮ್ಸ್’ ಐದು ಸಲ ಅಚ್ಚಾಯ್ತು. ಪ್ರತಿ ಸಲವೂ ಕೂತು ತಿದ್ದಿದ. ಎಷ್ಟೋ ಕಡೆ ‘ಅನೇಕ ವೇಳೆ’, ‘ಹೆಚ್ಚಿನವರು’ ಅಂತ ಸೇರಿಸಿದ. ಜೀವದ ಗೆಳೆಯರ ಕಷ್ಟದಲ್ಲೂ ನಮಗೆ ಬೇಸರ ತರದ ಏನೋ ಒಂದು ಇರುತ್ತೆ ಅಂತ ಮೊದಲ ಮುದ್ರಣದಲ್ಲಿತ್ತು. ಮುಂದೆ ಅದನ್ನು ತೆಗೆದೇಹಾಕಿದ. ಸುಳ್ಳು ಅನ್ನಿಸಿತೋ, ಜಾಸ್ತಿಯಾಯ್ತು ಅನ್ನಿಸಿತೋ. ನನಗಂತೂ ಈ ಹೊಡೆದುಹಾಕಿದ ಸಾಲೇ ಹೆಚ್ಚು ಇಷ್ಟ.

19ನೆಯ ಸೂಕ್ತಿಯನ್ನು ಮಾತ್ರ ಬಿಡಲಿಲ್ಲ: ಬೇರೆಯವರ ಕಷ್ಟ ತಡೆದುಕೊಳ್ಳುವ ಶಕ್ತಿ ನಮಗೆಲ್ಲರಿಗೂ ಸಾಕಷ್ಟಿದೆ.

1672ರಲ್ಲಿ ಫ್ರೆಂಚ್ ಸೈನ್ಯ ರೈನ್ ನದಿ ದಾಟಿತು. ಅಲ್ಲಿ ಇವನ ಒಬ್ಬ ಮಗ ಸತ್ತ, ಹಿರಿಯವನಿಗೆ ಗಾಯ. ಲೋಂಗ್‌ವಿಲ್‌ನ ಯುವ ಡ್ಯೂಕ್ ಕೂಡ ಸತ್ತ. ಆ ಡಚೆಸ್‌ಗೆ ಇವನಿಂದಲೇ ಹುಟ್ಟಿದವನು ಅಂತ ಊರಿಗೆಲ್ಲ ಗೊತ್ತಿತ್ತು. ಸುದ್ದಿ ಬಂದಾಗ ಇವನ ಗೆಳತಿ, ಕಾಗದಗಳಿಗೇ ಹೆಸರಾದ ಮದಾಂ ದ ಸೆವಿನ್ಯೆ ಎದುರಿಗೇ ಇದ್ದರು. ನನ್ನ ಕಣ್ಣೆದುರೇ ಆತನ ಮೇಲೆ ಈ ಆಲಿಕಲ್ಲು ಸುರಿಯಿತು ಅಂತ ಮಗಳಿಗೆ ಕಾಗದ ಬರೆದರು. ಎದೆಯಾಳದಿಂದ ಕಣ್ಣೀರು ಹರಿಯಿತಂತೆ. ಆದರೂ ಗಟ್ಟಿ ಮನಸ್ಸಿನವನು, ಗೋಳಾಡಲಿಲ್ಲವಂತೆ.

ಆರು ವರ್ಷದ ನಂತರ ಕೊನೆಯ ಮುದ್ರಣ ಬಂತು, 504 ಸೂಕ್ತಿಗಳು. 19ನೆಯದು ಅಲ್ಲೇ ಇದೆ.