ಬೆಳೆ ಕಾಯೋ ಬಂದೂಕು ಬೇರೆ, ಸೊಂಟದ ಪಿಸ್ತೂಲು ಬೇರೆ
ಕಳ್ಳತನ ಹೆಚ್ಚಾಗಿದೆ, ಕೇಳಿದವರಿಗೆಲ್ಲ ಬಂದೂಕಿನ ಲೈಸೆನ್ಸ್ ಕೊಡಬೇಕು ಅಂತ ಲೇಖನವೊಂದರಲ್ಲಿ ಓದಿದೆ. ನಾನು ಒಪ್ಪಲ್ಲ. ಹಾಗಂತ ಬಂದೂಕೇ ಬೇಡ ಅನ್ನುವವನೂ ಅಲ್ಲ.

ನಮ್ಮದು ಹಾನಗಲ್ ಕಡೆ, ಕಾಡಂಚಿನ ಹೊಲ. ಗೋವಿನಜೋಳ ತೆನೆ ಕಟ್ಟೋ ಹೊತ್ತಿಗೆ ಹಂದಿ ಹಿಂಡು ಇಳಿದರೆ ಒಂದೇ ರಾತ್ರಿಗೆ ಅರ್ಧ ಎಕರೆ ನೆಲಸಮ. ಅಪ್ಪನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಬಂದೂಕಿದೆ, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಹಾರಿಸಿದ್ದೆಲ್ಲ ಹೆದರಿಸಲಿಕ್ಕೆ, ಹಂದಿ ಕೊಲ್ಲಬೇಕಂದ್ರೆ ಅರಣ್ಯ ಇಲಾಖೆ ಅನುಮತಿ ಬೇರೆ ಬೇಕು. ಮದ್ದು ಒಂದು ಕಡೆ, ಬಂದೂಕು ಒಂದು ಕಡೆ, ತಿಜೋರಿ ಕೀಲಿ ಅವ್ವನ ಸೆರಗಿನ ಗಂಟಲ್ಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇಂಥ ಬಂದೂಕಿಗೆ ಅವಕಾಶ ಇದೆ. 2019ರ ತಿದ್ದುಪಡಿ ಒಬ್ಬರಿಗೆ 3 ಬಂದೂಕು ಇದ್ದ ಮಿತಿಯನ್ನು 2ಕ್ಕೆ ಇಳಿಸಿತು, ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಂದಿತು. ಇದನ್ನು ಸಡಿಲ ಮಾಡಲೇಬಾರದು. ಬದುವಿನ ಜಗಳದಲ್ಲಿ ಕೈಗೆ ಕುಡಗೋಲು ಸಿಕ್ಕರೆ ಅಡ್ಡ ಬಂದು ಬಿಡಿಸಲಿಕ್ಕೆ ಒಬ್ಬರಿಗಾದರೂ ಹೊತ್ತು ಸಿಗುತ್ತೆ. ಪಿಸ್ತೂಲಿಗೆ ಆ ಹೊತ್ತಿಲ್ಲ.

ಸರ್ಕಾರ ಸರಿಪಡಿಸಬೇಕಾದ್ದು ಬೇರೆ ಇದೆ. 2024ರ ನವೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಶಿಗ್ಗಾಂವಿ ಉಪಚುನಾವಣೆ ಸುಗ್ಗಿ ಹೊತ್ತಿಗೇ ಬಂತು. ಚುನಾವಣೆ ಮುಗಿಯೋ ತನಕ ಲೈಸೆನ್ಸಿನ ಬಂದೂಕು ಠಾಣೆಯಲ್ಲಿ ಇಡಬೇಕಾಯ್ತು. ಅಪ್ಪ ಬಂದೂಕನ್ನು ಹಳೇ ಕೌದಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಚೀಟಿ ತಂದರು. ನಾವು ಡಬ್ಬ ಬಡೀತಾ ರಾತ್ರಿಯೆಲ್ಲ ಕಾದೆವು. ಚುನಾವಣೆ ಬಂದಾಗ ಬೆಳೆ ರಕ್ಷಣೆ ಬಂದೂಕಿಗೆ ಸುಗ್ಗಿ ಮುಗಿಯುವ ತನಕವಾದರೂ ವಿನಾಯಿತಿ ಕೊಡಿ ಅನ್ನೋದಷ್ಟೇ ನನ್ನ ಬೇಡಿಕೆ.